ಆ ಕೊನೆಯ ಪ್ಯಾರಾ

ನಮ್ಮ ಅಜ್ಜಿಗೆ ಎರಡು ಕನ್ನಡ ಬರುತ್ತಿತ್ತು. ಭಾನುವಾರ ಸಭೆಯಲ್ಲಿ ಪಾದ್ರಿಗಳು ಪ್ರಾರ್ಥನೆ ಮಾಡಲು ಹೇಳಿದರೆ ಎದ್ದು ನಿಂತು, ಸೆರಗು ತಲೆಯ ಮೇಲೆ ಎಳೆದುಕೊಂಡು, "ಕರುಣಾಳುವೂ ಕೃಪಾಪೂರ್ಣನೂ ಆದ ಪರಲೋಕದ ತಂದೆಯೇ, ಈ ದಿವಸ ನಿನ್ನ ಸನ್ನಿಧಾನದಲ್ಲಿ ಕೂಡಿಬಂದಿರುವ..." ಎಂದು ಶುರು ಮಾಡುತ್ತಿದ್ದಳು. ಐದು ನಿಮಿಷ ಎಲ್ಲೂ ತಡವರಿಸುತ್ತಿರಲಿಲ್ಲ. ಅದೇ ಅಜ್ಜಿ, ರಾತ್ರಿ ನನಗೆ ಜ್ವರ ಏರಿದಾಗ ಹಣೆಯ ಮೇಲೆ ಒದ್ದೆ ಬಟ್ಟೆ ಇಟ್ಟು, "ಯಪ್ಪಾ ಯೇಸುಸ್ವಾಮಿ, ಕೂಸು ಭಾಳ ಸೊರಗೇತಿ, ಇನ್ನ ಸಾಕು ಮಾಡಪಾ" ಅನ್ನುತ್ತಿದ್ದಳು.

ಎರಡೂ ಪ್ರಾರ್ಥನೆಯೇ. ಎರಡನ್ನೂ ಅವಳು ಮನಸಾರೆ ಮಾಡುತ್ತಿದ್ದಳು. ಆದರೆ ಇವತ್ತಿಗೂ ನನಗೆ ಕಿವಿಯಲ್ಲಿ ಕೇಳುವುದು ಎರಡನೆಯದು.

ನಮ್ಮದು ಬೆಟಗೇರಿ. ಗದಗಿಗೆ ಅಂಟಿಕೊಂಡ ನೇಕಾರರ ಊರು. ಬಾಸೆಲ್ ಮಿಷನ್‌ನವರು, ಅಂದರೆ ಸ್ವಿಟ್ಜರ್ಲೆಂಡಿನ ಬಾಸೆಲ್ ಊರಿನ ಸಂಸ್ಥೆಯ ಜರ್ಮನ್ ಮಿಷನರಿಗಳು, 1841ರಲ್ಲೇ ಇಲ್ಲಿಗೆ ಬಂದರು. ನಮ್ಮ ಮುತ್ತಜ್ಜನ ಕಾಲಕ್ಕೆ ಮನೆಯವರೆಲ್ಲ ಕ್ರೈಸ್ತರಾಗಿದ್ದರು, ಮಗ್ಗ ಮಾತ್ರ ಹಾಗೇ ಇತ್ತು. ಜರ್ಮನ್ ಧಾಟಿಯ ಹಾಡನ್ನು ಮಗ್ಗದ ಸದ್ದಿನ ನಡುವೆ ಹಾಡಿಕೊಂಡು ಬೆಳೆದವರು ನಾವು. ಈಗ ನಾನು ಹುಬ್ಬಳ್ಳಿಯಲ್ಲಿ ಶಾಲೆಯ ಟೀಚರ್. ಇಪ್ಪತ್ತು ವರ್ಷಗಳಿಂದ ಸಭೆಯ ಮಾಸಪತ್ರಿಕೆಗಳಿಗೆ ಬರೆಯುತ್ತಿದ್ದೇನೆ, ಒಂದು ಪುಸ್ತಕವೂ ಬಂದಿದೆ. ಈ ಎರಡು ಕಾರಣಕ್ಕೆ ನಮ್ಮ ಕಡೆಯ ಹುಡುಗ ಹುಡುಗಿಯರು ಆಗಾಗ ಬಂದು ಕೇಳುತ್ತಾರೆ: "ಅಕ್ಕಾರ, ನಾವೂ ಬರೀಬೇಕಂತೀವಿ, ಹೆಂಗ ಶುರು ಮಾಡೋದ್ರಿ?"

ನನ್ನ ಹತ್ತಿರ ಇರುವುದು ಜಾಸ್ತಿ ತಪ್ಪುಗಳ ಪಟ್ಟಿ. ಅದರಲ್ಲಿ ದೊಡ್ಡದನ್ನು ಮೊದಲು ಹೇಳಿಬಿಡುತ್ತೇನೆ.

ಅವ್ವ ತೀರಿಕೊಂಡದ್ದು 2009ರಲ್ಲಿ. ಎರಡೂ ಕಿಡ್ನಿ ಕೈಕೊಟ್ಟಿದ್ದವು. ಆಸ್ಪತ್ರೆಯಲ್ಲಿ ಹನ್ನೊಂದು ದಿನ ಇದ್ದಳು. ಇಡೀ ಸಭೆ ಪ್ರಾರ್ಥನೆ ಮಾಡಿತು, ಕೆಲವರು ಉಪವಾಸ ಮಾಡಿದರು. ಹನ್ನೆರಡನೇ ದಿನ ಬೆಳಗಿನ ಜಾವ ಹೋದಳು. ಒಂದು ವರ್ಷದ ನಂತರ ಅದರ ಬಗ್ಗೆ ಬರೆದು ಒಂದು ಪತ್ರಿಕೆಗೆ ಕಳಿಸಿದೆ. ಸಂಪಾದಕರು ಒಳ್ಳೆಯವರೇ, ಫೋನ್ ಮಾಡಿ ಮೆಚ್ಚಿದರು. ಆಮೇಲೆ ಮೆತ್ತಗೆ ಅಂದರು, "ಕೊನೆ ಸ್ವಲ್ಪ ಭಾರ ಆಯ್ತಮ್ಮಾ. ಓದುವವರು ಕುಗ್ಗಿಬಿಡ್ತಾರೆ. ಒಂದು ಜಯದ ಮಾತು ಸೇರಿಸಿ ಕೊಡಿ."

ಸೇರಿಸಿದೆ. ಹತ್ತು ನಿಮಿಷದ ಕೆಲಸ. ಭಾನುವಾರದ ಕನ್ನಡ ಬಾಯಿಪಾಠ ಇತ್ತಲ್ಲ. "ಆದರೂ ಆ ಗಳಿಗೆಯಲ್ಲಿ ವರ್ಣಿಸಲಾಗದ ದಿವ್ಯ ಸಮಾಧಾನವು ನನ್ನ ಹೃದಯವನ್ನು ತುಂಬಿತು" ಎಂದು ಶುರುವಾಗುವ ಏಳು ಸಾಲಿನ ಪ್ಯಾರಾ. ಪತ್ರಿಕೆ ಬಂದಾಗ ಬಹಳ ಜನ ಫೋನ್ ಮಾಡಿದರು, ಎಲ್ಲರೂ ಆ ಪ್ಯಾರಾವನ್ನೇ ಹೊಗಳಿದರು. ತಮ್ಮ ಮಾತ್ರ ಓದಿ, ಪತ್ರಿಕೆ ಮಡಚಿಟ್ಟು ಅಂದ, "ಛಲೋ ಬರದೀ ಅಕ್ಕಾ. ಆದ್ರ ಅವತ್ತು ಸಮಾಧಾನ ಎಲ್ಲಿತ್ತು? ನೀ ಔಷಧಿ ವಾಪಸ್ ಕೊಡಾಕ ಹೋಗಿದ್ದಿ."

ಅದು ನಿಜ. ಅವ್ವನ ಉಸಿರು ನಿಂತ ಮೇಲೆ ನರ್ಸ್ ಬಂದು, ಬಳಸದೇ ಉಳಿದ ಇಂಜೆಕ್ಷನ್‌ಗಳ ಚೀಲ ನನ್ನ ಕೈಗಿಟ್ಟು, ಬಿಲ್ ಇದ್ದರೆ ಕೆಳಗಿನ ಮೆಡಿಕಲ್ ಶಾಪಿನಲ್ಲಿ ವಾಪಸ್ ತಗೋತಾರೆ ಅಂದಳು. ನಾನು ಹೋದೆ. ಅಲ್ಲಿ ಮೂರು ಜನ ಸಾಲಿನಲ್ಲಿದ್ದರು, ಅವರ ಹಿಂದೆ ನಿಂತೆ. 1,140 ರೂಪಾಯಿ ವಾಪಸ್ ಬಂತು. ಎಣಿಸಿ ಪರ್ಸಿನಲ್ಲಿ ಇಟ್ಟುಕೊಂಡೆ. ಮೇಲೆ ಬಂದಾಗ ಪಾದ್ರಿಗಳು ಬಂದಿದ್ದರು, ಹಾಡು ಶುರುವಾಗಿತ್ತು. ತಮ್ಮ ಹಾಡಲಿಲ್ಲ, ಕಿಟಕಿ ಕಡೆ ಮುಖ ಮಾಡಿ ನಿಂತಿದ್ದ. ನಾನೂ ಹಾಡಲಿಲ್ಲ, ಆ ದುಡ್ಡು ಯಾಕೆ ಎಣಿಸಿದೆ ಎಂದು ಯೋಚಿಸುತ್ತಿದ್ದೆ.

ಇದರಲ್ಲಿ ಒಂದಕ್ಷರವೂ ಲೇಖನದಲ್ಲಿ ಇರಲಿಲ್ಲ. ಯಾರೂ ಬೇಡ ಅಂದಿರಲಿಲ್ಲ, ನಾನೇ ಬಿಟ್ಟಿದ್ದೆ. ಕ್ರೈಸ್ತ ಲೇಖನದಲ್ಲಿ ಮೆಡಿಕಲ್ ಶಾಪಿನ ಸಾಲು ಬರುವುದಿಲ್ಲ ಎಂದುಕೊಂಡಿದ್ದೆ ಅನಿಸುತ್ತದೆ.

ನಮ್ಮಲ್ಲಿ 'ಸಾಕ್ಷಿ' ಎಂಬ ಒಂದು ರೂಪ ಇದೆ. ಹೊರಗಿನವರಿಗೆ ಹೇಳುವುದಾದರೆ, ದೇವರು ತನ್ನ ಬದುಕಿನಲ್ಲಿ ಏನು ಮಾಡಿದ ಎಂದು ಸಭೆಯ ಮುಂದೆ ನಿಂತು ಹೇಳುವುದು. ಅದಕ್ಕೊಂದು ಅಚ್ಚು ಇದೆ. ಮೊದಲು ಕಷ್ಟ, ಆಮೇಲೆ ಪ್ರಾರ್ಥನೆ, ಆಮೇಲೆ ಬಿಡುಗಡೆ, ಕೊನೆಗೆ ಸ್ತೋತ್ರ. ಸಭೆಯಲ್ಲಿ ಎದ್ದು ನಿಂತು ಮೂರು ನಿಮಿಷ ಮಾತಾಡಲು ಈ ಅಚ್ಚು ಒಳ್ಳೆಯದು, ಮಾತು ಬಾರದವರಿಗೂ ಒಂದು ಹಿಡಿ ಸಿಗುತ್ತದೆ. ಬರಹಕ್ಕೆ ಬಂದಾಗ ಅದೇ ಅಚ್ಚು ತೊಂದರೆ ಕೊಡುತ್ತದೆ. ಅಚ್ಚಿಗೆ ಹೊಂದದ್ದನ್ನೆಲ್ಲ ನಾವೇ ಕತ್ತರಿಸಿ ಬಿಸಾಕುತ್ತೇವೆ. ಓದುವವರಿಗೆ ಬೇಕಾದದ್ದು ಎಷ್ಟೋ ಸಲ ಆ ಕತ್ತರಿಸಿದ ಚೂರುಗಳಲ್ಲೇ ಇರುತ್ತದೆ.

ಸತ್ಯವೇದ, ಅಂದರೆ ಬೈಬಲ್, ಈ ವಿಷಯದಲ್ಲಿ ನಮಗಿಂತ ಧೈರ್ಯವಂತ. ಅದರೊಳಗಿನ ಹಾಡುಗಳ ಪುಸ್ತಕವಾದ ಕೀರ್ತನೆಗಳಲ್ಲಿ ಅಳುವ ಕೀರ್ತನೆಗಳು ಬಹಳ ಇವೆ, ಹೆಚ್ಚಿನವು ಕೊನೆಗೆ ಭರವಸೆಯ ಕಡೆ ತಿರುಗುತ್ತವೆ. 88ನೆಯದು ತಿರುಗುವುದಿಲ್ಲ. ಕತ್ತಲಲ್ಲೇ ಮುಗಿಯುತ್ತದೆ. ಅದನ್ನು ಸೇರಿಸಿದವರಿಗೆ ಕೊನೆಯಲ್ಲಿ ಎರಡು ಸಾಲು ಜೋಡಿಸುವುದು ಕಷ್ಟವಿತ್ತೇ? ಹಾಗೇ ಬಿಟ್ಟರು. ಸತ್ಯವೇದದಲ್ಲೇ ಬರುವ, ಎಲ್ಲ ಕಳಕೊಂಡು ನರಳಿದ ಯೋಬನಂತೂ ತನಗೆ ಬುದ್ಧಿ ಹೇಳಲು ಬಂದ ಗೆಳೆಯರನ್ನು ನೇರವಾಗಿ ಕೇಳುತ್ತಾನೆ, ದೇವರ ಪರವಾಗಿ ಸುಳ್ಳು ಮಾತಾಡುತ್ತೀರಾ ಅಂತ. 13ನೇ ಅಧ್ಯಾಯ. ನನ್ನ ಪ್ಯಾರಾ ಅಚ್ಚಾದ ಮೇಲೆ ಆ ವಾಕ್ಯ ಎದುರಿಗೆ ಬಂದಾಗ ಪುಟ ಮುಚ್ಚಿ ಎದ್ದುಹೋಗಿದ್ದೆ.

ಹಾಗಂತ ಎಲ್ಲವನ್ನೂ ಕತ್ತಲಲ್ಲೇ ಮುಗಿಸಿ ಎಂದು ನಾನು ಹೇಳುತ್ತಿಲ್ಲ. ಸಮಾಧಾನ ಬಂದಿದ್ದರೆ ಬರೆಯಿರಿ, ಯಾವತ್ತು ಬಂತೋ ಆ ದಿನಕ್ಕೆ ಹಾಕಿ ಬರೆಯಿರಿ. ನನಗೂ ಬಂತು. ಸುಮಾರು ಎರಡು ವರ್ಷ ಆದ ಮೇಲೆ, ಅವ್ವನ ಹಳೆಯ ಟ್ರಂಕಿನಲ್ಲಿ ನನ್ನ ಬಾಲ್ಯದ ಸ್ವೆಟರ್ ಸಿಕ್ಕ ದಿನ. ಅದನ್ನು ಹನ್ನೆರಡನೇ ದಿನದ ಬೆಳಗಿನ ಜಾವಕ್ಕೆ ತಂದು ಅಂಟಿಸುವ ಹಕ್ಕು ನನಗಿರಲಿಲ್ಲ.

ಇನ್ನು ಮಾತಿನ ವಿಷಯ. ನನಗೆ ಬಹಳ ಇಷ್ಟದ ವಿಷಯ, ಸ್ವಲ್ಪ ಉದ್ದ ಆದರೆ ಕ್ಷಮಿಸಿ.

ಸಭೆಯ ಕನ್ನಡ ಆಕಾಶದಿಂದ ಬಿದ್ದದ್ದಲ್ಲ. ಜಾನ್ ಹ್ಯಾಂಡ್ಸ್ ಎಂಬ ಮಿಷನರಿ 1810ರಲ್ಲಿ ಬಳ್ಳಾರಿಗೆ ಬಂದರು, ಇಡೀ ಬೈಬಲ್ ಕನ್ನಡದಲ್ಲಿ ಅಚ್ಚಾಗುವ ಹೊತ್ತಿಗೆ 1831. ಅವರೂ ಅವರ ಜೊತೆಗಿದ್ದ ಕನ್ನಡಿಗರೂ ಒಂದೊಂದು ಶಬ್ದಕ್ಕೂ ತಡಕಾಡಿರಬೇಕು. ದೇವರು, ಸ್ವಾಮಿ, ಕೃಪೆ, ದೀಕ್ಷೆ, ಪ್ರಸಾದ ಎಲ್ಲ ಇಲ್ಲಿ ಮೊದಲೇ ಇದ್ದ ಮಾತುಗಳು. ಅಕ್ಕಪಕ್ಕದ ಮನೆಯಿಂದ ಕಡ ತಂದ ಪಾತ್ರೆಗಳಲ್ಲೇ ನಮ್ಮ ಅಡುಗೆ ಆಯಿತು. ಇವತ್ತಿಗೂ ಇಂಗ್ಲಿಷಿನ ಗಾಸ್ಪೆಲ್‌ಗೆ ನಾವು ಪ್ರಾಟೆಸ್ಟಂಟರು ಸುವಾರ್ತೆ ಅನ್ನುತ್ತೇವೆ, ಕ್ಯಾಥೊಲಿಕರು ಶುಭಸಂದೇಶ ಅನ್ನುತ್ತಾರೆ. ಬ್ಯಾಪ್ಟಿಸಮ್‌ಗೆ ನಮ್ಮದು ದೀಕ್ಷಾಸ್ನಾನ, ಅವರದು ಜ್ಞಾನಸ್ನಾನ. ಯಾವುದು ಸರಿ ಎಂದು ಜಗಳ ಆಡುವ ಬದಲು ಯಾರಿಗೆ ಬರೆಯುತ್ತಿದ್ದೇವೆ ಎಂದು ನೋಡಿ ಆರಿಸಿಕೊಂಡರೆ ಸಾಕು.

ಆ ಅನುವಾದಕರ ಶಬ್ದಗಳು ಆಗ ಹಸಿಯಾಗಿದ್ದವು. ಈಗ ನಾವು ಅವನ್ನು ಯೋಚಿಸದೇ ಬಳಸುತ್ತೇವೆ. 23ನೇ ಕೀರ್ತನೆಯನ್ನೇ ನೋಡಿ. "ಯೆಹೋವನು ನನಗೆ ಕುರುಬನು." ಒಮ್ಮೆ ನಮ್ಮಲ್ಲಿ ಒಂದು ಕೂಟಕ್ಕೆ ಬಂದ ಪ್ರಸಂಗಿಗಳು ಈ ವಾಕ್ಯದ ಮೇಲೆ ಮುಕ್ಕಾಲು ಗಂಟೆ ಮಾತಾಡಿದರು. ಪ್ಯಾಲೆಸ್ತೀನಿನ ಕುರುಬ ಯಾವ ಕೋಲು ಹಿಡಿಯುತ್ತಿದ್ದ, ಎಣ್ಣೆ ಯಾಕೆ ಹಚ್ಚುತ್ತಿದ್ದ, ಎಲ್ಲ ಇಂಗ್ಲಿಷ್ ಪುಸ್ತಕದಿಂದ. ಅದೇ ಹೊತ್ತಿಗೆ ಹೊರಗಿನ ರಸ್ತೆಯಲ್ಲಿ ಒಂದು ಮಂದೆ ಹಾದುಹೋಗುತ್ತಿತ್ತು. ನೂರಾರು ಕುರಿ, ಹಿಂದೆ ಕಂಬಳಿ ಹೊದ್ದ ಹಾಲುಮತದವರು, ಕುದುರೆಯ ಮೇಲೆ ಗಂಟುಮೂಟೆ, ಅದರ ಪಕ್ಕದ ಚೀಲದಿಂದ ತಲೆ ಹೊರಹಾಕಿದ ಮೊನ್ನೆ ಹುಟ್ಟಿದ ಮರಿ. ಕುರಿಗಳ ಗದ್ದಲಕ್ಕೆ ಪ್ರಸಂಗ ಕೇಳಿಸದೆ ಯಾರೋ ಎದ್ದು ಕಿಟಕಿ ಮುಚ್ಚಿದರು.

ನಮ್ಮ ಕಡೆ ಸುಗ್ಗಿ ಮುಗಿದ ಹೊಲದಲ್ಲಿ ರಾತ್ರಿ ಕುರಿ ನಿಲ್ಲಿಸುತ್ತಾರೆ, ಗೊಬ್ಬರಕ್ಕೆ. ಹೊಲದವರು ಅದಕ್ಕೆ ಕಾಳೋ ದುಡ್ಡೋ ಕೊಡುತ್ತಾರೆ. ಕುರುಬರು ಮಳೆ ಹಿಂದೆ ಮುಂದೆ ನೋಡಿಕೊಂಡು ತಿಂಗಳುಗಟ್ಟಲೆ ಮನೆ ಬಿಟ್ಟು ನಡೆಯುತ್ತಾರೆ. ತೋಳದ ಕಾಟಕ್ಕೆ ನಾಯಿ, ನಿದ್ದೆಗೆ ಬಯಲು. ಇದೆಲ್ಲ ಗೊತ್ತಿದ್ದವರಿಗೆ ಆ ಕೀರ್ತನೆಯಲ್ಲಿ ಅರ್ಧ ವ್ಯಾಖ್ಯಾನ ಬೇಕಾಗುವುದಿಲ್ಲ. ಕನ್ನಡದಲ್ಲಿ ಬರೆಯುವ ಕ್ರೈಸ್ತರಿಗೆ ಸಿಕ್ಕಿರುವ ಇಂಥ ಭಾಗ್ಯ ಇಂಗ್ಲಿಷಿನಲ್ಲಿ ಬರೆಯುವ ಎಷ್ಟೋ ಜನರಿಗೆ ಇಲ್ಲ. ಬಿತ್ತುವವನು, ಕಣ, ತೂರುವುದು, ದ್ರಾಕ್ಷಿ ತೋಟ, ಸಾಲಗಾರ, ಕೂಲಿಗೆ ಪೇಟೆಯಲ್ಲಿ ಕಾದು ನಿಂತವರು. ಯೇಸು ಹೇಳಿದ ಸಾಮ್ಯಗಳೆಲ್ಲ, ಅಂದರೆ ದೃಷ್ಟಾಂತದ ಕಥೆಗಳೆಲ್ಲ, ವಿಜಯಪುರದಿಂದ ಹಾವೇರಿವರೆಗೆ ಇನ್ನೂ ಜೀವಂತ ಇವೆ. ನಾವು ಕಿಟಕಿ ಮುಚ್ಚಿಕೊಂಡು ಕುಳಿತಿದ್ದೇವೆ, ಅಷ್ಟೇ.

ನಾನೀಗ ಮಾಡುವುದು ಇಷ್ಟು. ಬರೆದದ್ದನ್ನು ಜೋರಾಗಿ ಓದುತ್ತೇನೆ. ಓದುವಾಗ ನನ್ನ ದನಿ ಪ್ರಸಂಗದ ಏರಿಳಿತಕ್ಕೆ ಹೋದರೆ ಅಲ್ಲಿ ಗೆರೆ ಎಳೆಯುತ್ತೇನೆ. ಅಜ್ಜಿ ರಾತ್ರಿಯ ಹೊತ್ತು ಇದನ್ನು ಹೇಗೆ ಹೇಳುತ್ತಿದ್ದಳು ಎಂದು ಯೋಚಿಸುತ್ತೇನೆ. ಎಲ್ಲ ಸಲವೂ ಅಜ್ಜಿಯ ಮಾತನ್ನೇ ಹಾಕುವುದಿಲ್ಲ, ಹಳೆಯ ಭಾನುವಾರದ ಮಾತಿಗೂ ಒಂದು ಚೆಂದ ಇದೆ. ಆ 23ನೇ ಕೀರ್ತನೆಯ ಮೊದಲ ವಾಕ್ಯದಲ್ಲೇ ಬರುವ "ಕೊರತೆಪಡೆನು" ಎಂಬ ಶಬ್ದವನ್ನು ನಾನು ಯಾವತ್ತೂ ಬದಲಿಸಲಾರೆ. ಆದರೆ ಅದು ನನ್ನ ಆಯ್ಕೆಯಾಗಿರಬೇಕು, ಅಭ್ಯಾಸ ಆಗಿರಬಾರದು.

ಶಾಲೆಯಲ್ಲಿ ನನ್ನ ಜೊತೆ ಕೆಲಸ ಮಾಡುವ ಒಬ್ಬ ಟೀಚರ್ ಇದ್ದಾರೆ. ಲಿಂಗಾಯತರು, ವಚನ ಓದಿಕೊಂಡವರು. ಮೊದಲ ಕರಡನ್ನು ಅವರಿಗೇ ಕೊಡುತ್ತೇನೆ. "ಟೀಚರ್, ಈ 'ಕೃಪಾವರ' ಅಂದ್ರೇನ್ರಿ?" ಎಂದು ಅವರು ಕೇಳಿದರೆ ಉತ್ತರ ಹೇಳಲು ಹೋಗುವುದಿಲ್ಲ, ಮನೆಗೆ ಬಂದು ಆ ಸಾಲು ತಿದ್ದುತ್ತೇನೆ. 'ಪ್ರಸಾದ' ಎಂದು ಬರೆದರೆ ಅವರು ಕೇಳುವುದೇ ಇಲ್ಲ. ನಮ್ಮವರಲ್ಲದ ಒಬ್ಬರಾದರೂ ಓದುಗರು ಮೊದಲೇ ಸಿಕ್ಕರೆ ಅರ್ಧ ಕೆಲಸ ಆದಂತೆ.

ಇವರ ಮನೆಗೆ ಒಮ್ಮೆ ಪುಸ್ತಕ ಕೊಡಲು ಹೋದಾಗ ಯಜಮಾನರು ಹಿಂದೆ ಮುಂದೆ ತಿರುಗಿಸಿ ನೋಡಿ ಕೇಳಿದರು, "ಇದು ಮತಾಂತರದ ಪುಸ್ತಕ ಏನ್ರಿ?" ಸಿಟ್ಟಿನಿಂದ ಕೇಳಲಿಲ್ಲ, ಸುಮ್ನೆ ಕೇಳಿದರು. ಈಗಿನ ಗಾಳಿಯಲ್ಲಿ ಈ ಪ್ರಶ್ನೆ ಬಂದೇ ಬರುತ್ತದೆ. ನನಗೆ ಮೊದಲು ನೋವಾಯಿತು. ಆಮೇಲೆ ಯೋಚಿಸಿದರೆ ಅದರಲ್ಲಿ ನಮ್ಮದೂ ಸ್ವಲ್ಪ ಪಾಲಿದೆ ಅನಿಸಿತು. ಕಥೆ ಹೇಳುತ್ತೇನೆ ಎಂದು ಕರೆದು ಕೊನೆಯ ಪುಟದಲ್ಲಿ ಗಾಳ ಇಟ್ಟ ಪುಸ್ತಕಗಳು ನಮ್ಮಲ್ಲಿ ಇಲ್ಲವೇ? ಗಾಳ ಇದ್ದರೆ ಓದುವವರಿಗೆ ಎರಡನೇ ಪುಟದಲ್ಲೇ ವಾಸನೆ ಬಡಿಯುತ್ತದೆ. ನಾನು ನಂಬುವವಳು ಎಂಬುದನ್ನು ಮುಚ್ಚಿಡುವುದಿಲ್ಲ, ನನ್ನ ಪುಸ್ತಕದ ಮೊದಲ ಸಾಲಲ್ಲೇ ಅದು ಗೊತ್ತಾಗುತ್ತದೆ. ಅವರಿಗೆ ಅಂದೆ, "ನಮ್ಮ ಅವ್ವನ ಬಗ್ಗೆ ಐತ್ರಿ, ಓದಿ ನೋಡ್ರಿ." ಓದಿದರು. ಮೆಡಿಕಲ್ ಶಾಪಿನ ವಿಷಯ ಅದರಲ್ಲಿ ಇರಲಿಲ್ಲ ಎಂಬುದು ಬೇರೆ ಮಾತು.

ಓದುವ ವಿಷಯಕ್ಕೆ ಬಂದರೆ, ನಮ್ಮ ಹುಡುಗರು ಇಂಗ್ಲಿಷಿನ ಭಕ್ತಿಯ ಪುಸ್ತಕಗಳನ್ನು ಮಾತ್ರ ಓದಿ ಕನ್ನಡದಲ್ಲಿ ಬರೆಯಲು ಕೂರುತ್ತಾರೆ. ಅವರ ವಾಕ್ಯ ನೋಡಿದರೇ ಗೊತ್ತಾಗುತ್ತದೆ. ಅವರಿಗೆ ನಾನು ಮೊದಲು ಹೇಳುವ ಹೆಸರು ಉತ್ತಂಗಿ ಚನ್ನಪ್ಪನವರದು. ಬಾಸೆಲ್ ಮಿಷನ್ ಸಭೆಗಳ ಪಾದ್ರಿ. ಊರೂರು ತಿರುಗಿ, ಜನರ ಬಾಯಲ್ಲಿದ್ದದ್ದನ್ನೂ ಓಲೆಗರಿಯಲ್ಲಿದ್ದದ್ದನ್ನೂ ಕೂಡಿಸಿ ಸರ್ವಜ್ಞನ ವಚನಗಳನ್ನು 1924ರಲ್ಲಿ ಹೊರತಂದರು. 1949ರಲ್ಲಿ ಕಲಬುರಗಿಯ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. ಪಾದ್ರಿಗಳಿಗೆ ಸರ್ವಜ್ಞ ಯಾಕೆ ಎಂದು ಆಗಲೂ ಕೆಲವರು ಕೇಳಿರಬಹುದು. ನನ್ನ ಲೆಕ್ಕದಲ್ಲಿ ಅಷ್ಟು ವರ್ಷ ಜನರ ಮಾತಿಗೆ ಕಿವಿಗೊಟ್ಟದ್ದೂ ಪಾದ್ರಿಯ ಕೆಲಸವೇ. ಅವರಿಗಿಂತ ಮುಂಚೆ ಕಿಟೆಲ್ ಇದ್ದರು. 1894ರ ನಿಘಂಟಿನಿಂದ ಎಲ್ಲರಿಗೂ ಗೊತ್ತು. ಆದರೆ ಅದಕ್ಕೂ ಮೂವತ್ತು ವರ್ಷ ಮೊದಲು, 1862ರಲ್ಲಿ, ಯೇಸುವಿನ ಕಥೆಯನ್ನು ಕನ್ನಡ ಛಂದಸ್ಸಿನಲ್ಲಿ 'ಕಥಾಮಾಲೆ' ಎಂದು ಬರೆದಿದ್ದರು. ನಿಘಂಟನ್ನು ಸುಮ್ನೆ ತೆರೆದು ಓದುತ್ತಾ ಕೂರಿ. ಗಾದೆಗಳೇ ಎಷ್ಟಿವೆ ಅಲ್ಲಿ!

ಮಂಜೇಶ್ವರದ ಗೋವಿಂದ ಪೈಗಳು ಕ್ರೈಸ್ತರಲ್ಲ, ಕ್ರಿಸ್ತನ ಕೊನೆಯ ದಿನದ ಬಗ್ಗೆ 'ಗೊಲ್ಗೊಥಾ' ಬರೆದರು. ಸಾಗರದ ನಾ. ಡಿಸೋಜ ಕ್ರೈಸ್ತರು. ಶರಾವತಿ ಯೋಜನೆಯ ಕಚೇರಿಯಲ್ಲಿ ಕೆಲಸ ಮಾಡುತ್ತಾ, ನೀರಿನಲ್ಲಿ ಮುಳುಗಿದ ಊರುಗಳ ಬಗ್ಗೆ, ಮನೆ ಕಳಕೊಂಡವರ ಬಗ್ಗೆ ಬರೆದರು. 2014ರ ಮಡಿಕೇರಿ ಸಮ್ಮೇಳನದ ಅಧ್ಯಕ್ಷರಾಗಿದ್ದರು, 2025ರ ಜನವರಿಯಲ್ಲಿ ತೀರಿಕೊಂಡರು. ಕ್ರೈಸ್ತ ಲೇಖಕ ಅಂದರೆ ಬರೀ ಕ್ರಿಸ್ತನ ಬಗ್ಗೆ ಬರೆಯುವವನು ಎಂದು ಯಾರಾದರೂ ಅಂದರೆ ಈ ಇಬ್ಬರನ್ನೂ ಪಕ್ಕಪಕ್ಕ ನಿಲ್ಲಿಸಿ ತೋರಿಸುತ್ತೇನೆ.

ಯಾವಾಗ ಬರೀತೀರಿ ಎಂಬುದು ಎಲ್ಲರ ಪ್ರಶ್ನೆ. ನಮ್ಮ ಗದಗಿನ ನಾರಣಪ್ಪ, ಅದೇ ಕುಮಾರವ್ಯಾಸ, ವೀರನಾರಾಯಣ ಗುಡಿಯಲ್ಲಿ ಮಿಂದು ಬಂದು ಒದ್ದೆ ಬಟ್ಟೆಯಲ್ಲಿ ಕೂತು, ಬಟ್ಟೆ ಆರುವವರೆಗೆ ಮಾತ್ರ ಬರೆಯುತ್ತಿದ್ದ ಎಂದು ಕಥೆ ಇದೆ. ಬೇಸಿಗೆಯಲ್ಲಿ ಅವನಿಗೆ ಎಷ್ಟು ಹೊತ್ತು ಸಿಗುತ್ತಿತ್ತೋ! ನನ್ನ ಒದ್ದೆ ಬಟ್ಟೆ ಅಂದರೆ ಶನಿವಾರ. ಅವತ್ತು ಬೆಳಗಿನ ಶಾಲೆ, ಮಧ್ಯಾಹ್ನದ ಹೊತ್ತಿಗೆ ಮನೆ. ಊಟ ಆದ ಮೇಲೆ ಎರಡು ಗಂಟೆ, ಹಳೆಯ ಉತ್ತರಪತ್ರಿಕೆಗಳ ಖಾಲಿ ಹಾಳೆಯ ಮೇಲೆ. ಬೆಳಿಗ್ಗೆ ನಾಲ್ಕಕ್ಕೆ ಎದ್ದು ಧ್ಯಾನ ಮಾಡಿ ಬರೆಯುತ್ತೇನೆ ಎಂದು ಹೇಳಿದರೆ ಚೆನ್ನಾಗಿರುತ್ತಿತ್ತು, ಆದರೆ ಇನ್ನೊಂದು ಸುಳ್ಳು ಪ್ಯಾರಾ ಬೇಡ.

ಬೇರೆಯವರ ಬದುಕನ್ನು ಬರೆಯುವ ಮೊದಲು ಕೇಳಿ. ಇದನ್ನೂ ಕೆಟ್ಟು ಕಲಿತೆ. ನಮ್ಮ ಕಾಕಿಯ ಗಂಡ ಕುಡಿಯುತ್ತಿದ್ದರು, ಆಮೇಲೆ ಬಿಟ್ಟರು. ಒಳ್ಳೆಯ ಸುದ್ದಿಯೇ ಅಲ್ವಾ ಎಂದು ಹೆಸರು ಬದಲಿಸಿ ಬರೆದೆ. ನಮ್ಮದು ಚಿಕ್ಕ ಸಭೆ, ಯಾರು ಯಾವ ಬೆಂಚಿನಲ್ಲಿ ಕೂರುತ್ತಾರೆ ಎಂದು ಎಲ್ಲರಿಗೂ ಗೊತ್ತು. ಹೆಸರು ಬದಲಾದರೆ ಬೆಂಚು ಬದಲಾಗುತ್ತದೆಯೇ? ಮುಂದಿನ ಭಾನುವಾರದಿಂದ ಕಾಕಿ ನನ್ನ ಪಕ್ಕ ಕೂರಲಿಲ್ಲ. ನಾನು ಮನೆಗೆ ಹೋಗಿ ಕ್ಷಮೆ ಕೇಳಿದೆ. "ನಿನ್ನ ಕತಿ ಬರಕೊ, ನಂದ್ಯಾಕ ಬರದಿ?" ಅಂದಳು. ಒಂದು ವರ್ಷ ಬೇಕಾಯಿತು, ಅವಳು ಮತ್ತೆ ನಮ್ಮ ಬೆಂಚಿಗೆ ಬರಲು.

ಈಗ ಪುಸ್ತಕ ಮಾಡಿಸುವ ವಿಷಯ. ಕ್ರೈಸ್ತ ಬರಹಕ್ಕೆ ದೊಡ್ಡ ಪ್ರಕಾಶಕರು ಸಿಗುವುದು ಕಷ್ಟ, ಹೆಚ್ಚಿನವರು ನನ್ನ ಹಾಗೆ ಕೈಯಿಂದ ದುಡ್ಡು ಹಾಕುತ್ತಾರೆ. ಡೆಮಿ 1/8 ಅಳತೆ, 16 ಪುಟಕ್ಕೆ ಒಂದು ಫಾರಂ. ನನ್ನದು 112 ಪುಟ, ಸರಿಯಾಗಿ ಏಳು ಫಾರಂ. ಫಾರಂ ಲೆಕ್ಕಕ್ಕೆ ಕೂರುವಂತೆ ಬರಹ ಜೋಡಿಸಿದರೆ ಕಾಗದ ವ್ಯರ್ಥ ಆಗುವುದಿಲ್ಲ. 2014ರಲ್ಲಿ 500 ಪ್ರತಿಗೆ 28,000 ರೂಪಾಯಿ ಆಯಿತು, ಅದು ಎರಡು ವರ್ಷ ಕೂಡಿಟ್ಟ ದುಡ್ಡು. ಐಎಸ್‌ಬಿಎನ್ ಎಂಬ ಪುಸ್ತಕದ ಗುರುತಿನ ಸಂಖ್ಯೆ ಬೇಕಿದ್ದರೆ ರಾಜಾ ರಾಮಮೋಹನ ರಾಯ್ ಹೆಸರಿನ ಸರ್ಕಾರಿ ಸಂಸ್ಥೆಯೇ ಕೊಡುತ್ತದೆ, ಅದಕ್ಕೆ ಶುಲ್ಕ ಇಲ್ಲ. ಕೊಡಿಸುತ್ತೇವೆ ಎಂದು ದುಡ್ಡು ಕೇಳುವವರಿಗೆ ನಮಸ್ಕಾರ ಹೇಳಿ. ಕೋಲ್ಕತ್ತಾದ ರಾಷ್ಟ್ರೀಯ ಗ್ರಂಥಾಲಯಕ್ಕೂ ಇನ್ನು ಮೂರು ಗ್ರಂಥಾಲಯಗಳಿಗೂ ಒಂದೊಂದು ಪ್ರತಿ ಕಳಿಸಬೇಕೆಂದು 1954ರ ಕಾನೂನು ಹೇಳುತ್ತದೆ. ಬಹಳ ಜನ ಕಳಿಸುವುದಿಲ್ಲ, ನೀವು ಕಳಿಸಿ. ಸತ್ಯವೇದದ ನಾಲ್ಕು ವಾಕ್ಯ ಉದ್ಧರಿಸಲು ಯಾರೂ ಅಡ್ಡ ಬರುವುದಿಲ್ಲ. ಹೊಸ ಅನುವಾದದ ಅಧ್ಯಾಯಗಳನ್ನೇ ಹಾಕುವುದಾದರೆ ಅದನ್ನು ಪ್ರಕಟಿಸಿದವರಿಗೆ ಪತ್ರ ಬರೆದು ಒಪ್ಪಿಗೆ ತೆಗೆದುಕೊಳ್ಳಿ. ಯಾವ ಅನುವಾದ ಎಂದು ಪುಸ್ತಕದಲ್ಲಿ ಹೇಳಿ. ದೇವರ ವಾಕ್ಯಕ್ಕೆ ಎಂಥ ಹಕ್ಕು ಎಂದು ವಾದ ಮಾಡುವವರು ಇದ್ದಾರೆ. ವಾಕ್ಯ ದೇವರದು, ಅನುವಾದದ ಬೆವರು ಮನುಷ್ಯರದು.

ಪ್ರೂಫ್ ಬಗ್ಗೆ ಒಂದು ಮಾತು. ನಾನು ಕೈಬರಹದಲ್ಲಿ ಕೊಟ್ಟಿದ್ದೆ. ಡಿಟಿಪಿ ಮಾಡಿದ ಹುಡುಗ 'ನುಡಿ' ಎಂಬ ಕನ್ನಡ ತಂತ್ರಾಂಶದಲ್ಲಿ ಟೈಪ್ ಮಾಡಿದ. ಅದನ್ನು ಯೂನಿಕೋಡ್‌ಗೆ ತಿರುಗಿಸುವಾಗ ಕೆಲವು ಕಡೆ ಅರ್ಕಾವೊತ್ತು ಎಗರಿಹೋಗಿ ಕರ್ತನು 'ಕತನು' ಆದ. ಅವನ್ನೆಲ್ಲ ಹುಡುಕಿ ತಿದ್ದಿದೆ. ಎರಡು ಸಲ ಪ್ರೂಫ್ ನೋಡಿದೆ. ಮೂರನೇ ಸಲ ನೋಡಬೇಕಾದಾಗ ಪರೀಕ್ಷೆಯ ಪೇಪರ್ ತಿದ್ದುವ ಕೆಲಸ ಬಂತು, "ಸರಿ ಇರುತ್ತೆ ಬಿಡಪ್ಪ, ಹಾಕಿಬಿಡು" ಅಂದೆ. ಪುಸ್ತಕ ಬಂತು. 61ನೇ ಪುಟ ತೆರೆದರೆ ದಪ್ಪ ಅಕ್ಷರದ ತಲೆಬರಹ: "ಯೆಹೋವನು ನನಗೆ ಕುರುಡನು." ನನ್ನ ಕೈಬರಹದ 'ಬ' ನೋಡಲು 'ಡ' ಥರಾ ಇರುತ್ತದೆ ಎಂದು ಹುಡುಗ ಹೇಳಿದ. ಎರಡು ಸಲ ಪ್ರೂಫ್ ನೋಡಿದ ನನ್ನ ಕಣ್ಣಿಗೆ ಅದು 'ಬ' ಆಗಿಯೇ ಕಂಡಿತ್ತು. ತಲೆಬರಹವನ್ನು ಯಾರು ಪ್ರೂಫ್ ನೋಡುತ್ತಾರೆ? 500 ಪ್ರತಿಯಲ್ಲೂ ನಾನು, ತಮ್ಮ, ಅವನ ಇಬ್ಬರು ಮಕ್ಕಳು ಕೂತು ಸಣ್ಣ ಚೀಟಿ ಅಂಟಿಸಿದೆವು. ಮಕ್ಕಳು ನಕ್ಕೂ ನಕ್ಕೂ ಸುಸ್ತಾದರು. ನಾಲ್ಕೈದು ಪ್ರತಿ ಚೀಟಿ ಇಲ್ಲದೇ ಹೊರಗೆ ಹೋಗಿವೆ, ಎಲ್ಲಿವೆಯೋ. ಹಾಗಾಗಿ ನನ್ನ ಒಂದೇ ಒಂದು ಕಟ್ಟುನಿಟ್ಟಿನ ಸಲಹೆ ಎಂದರೆ, ಕೊನೆಯ ಪ್ರೂಫನ್ನು ನಿಮ್ಮ ಬರಹ ಹಿಂದೆ ಓದಿರದ ಬೇರೆ ಯಾರಿಂದಾದರೂ ಓದಿಸಿ.

ಮಾರಾಟದ ಕಥೆ ಚಿಕ್ಕದು. ಆರಾಧನೆ ಮುಗಿದ ಮೇಲೆ ಹೊರಗೆ ಮೇಜು ಹಾಕಿ ಕೂತರೆ ಒಂದು ದಿನಕ್ಕೆ ಮೂವತ್ತು ಹೋಗುತ್ತವೆ. ಆಮೇಲೆ ನಿಂತುಬಿಡುತ್ತದೆ. "ನಮ್ಮ ಹುಡುಗಿ ಪುಸ್ತಕ" ಎಂದು ಪ್ರೀತಿಯಿಂದ ಪುಕ್ಕಟೆ ಕೇಳುವವರು ಜಾಸ್ತಿ. ನಾನು 140 ಪ್ರತಿ ಹಾಗೇ ಕೊಟ್ಟೆ. ಉಳಿದವು ಮುಗಿಯಲು ಒಂಬತ್ತು ವರ್ಷ ಹಿಡಿಯಿತು. ಹಾಕಿದ ದುಡ್ಡು ಪೂರ್ತಿ ಬರಲಿಲ್ಲ. ಅದರ ಬಗ್ಗೆ ದುಃಖ ಇಲ್ಲ, ಆದರೆ ಹಾಗಾಗುತ್ತದೆ ಎಂದು ಮೊದಲೇ ಯಾರಾದರೂ ಹೇಳಿದ್ದರೆ 300 ಹಾಕಿಸುತ್ತಿದ್ದೆ.

ಕಳೆದ ವರ್ಷ ಎರಡನೇ ಮುದ್ರಣಕ್ಕೆ ಕೊಟ್ಟೆ. ಈ ಸಲ 200 ಪ್ರತಿ. 61ನೇ ಪುಟ ಸರಿಯಾಯಿತು. ಅವ್ವನ ಲೇಖನವನ್ನು ಮತ್ತೆ ಬರೆಯಬೇಕೆಂದು ಕೂತೆ. ಮೆಡಿಕಲ್ ಶಾಪ್, ಸಾಲಿನಲ್ಲಿದ್ದ ಮೂರು ಜನ, 1,140 ರೂಪಾಯಿ, ಕಿಟಕಿ ಕಡೆ ಮುಖ ಮಾಡಿದ ತಮ್ಮ. ಬರೆಯುವುದು ಕಷ್ಟ ಆಗಲಿಲ್ಲ, ಹದಿನೈದು ವರ್ಷದಿಂದ ಒಳಗೆ ಇದ್ದದ್ದೇ. ತಮ್ಮನಿಗೆ ಮೊದಲು ತೋರಿಸಿದೆ. "ನಾ ಹಾಡಲಿಲ್ಲ ಅನ್ನೂದು ಬರದೀಯಲ್ಲ" ಅಂದ. ತೆಗೀಲಾ ಎಂದು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಇರ್ಲಿ" ಅಂದ.

ಆ ಏಳು ಸಾಲಿನ ಪ್ಯಾರಾ ತೆಗೆದೆ.

ಎರಡು ದಿನ ಬಿಟ್ಟು ಡಿಟಿಪಿ ಹುಡುಗ ಫೋನ್ ಮಾಡಿದ. ಹಳೆಯ ಹುಡುಗ ಅಲ್ಲ, ಇವನು ಬೇರೆ. "ಮೇಡಂ, ನಿಮ್ಮ ತಾಯಿ ಲೇಖನ ಮುಗಿಯೋ ಕಡೆ ಅರ್ಧ ಪುಟ ಖಾಲಿ ಉಳೀತದ್ರಿ. ಏನರ ಚಿತ್ರ ಹಾಕ್ಲೇನ್ರಿ? ಶಿಲುಬೆ ಐತಿ, ಪಾರಿವಾಳ ಐತಿ. ದೀಪದ್ದೂ ಒಂದು ಚಲೋ ಐತ್ರಿ."

"ಬ್ಯಾಡಪಾ" ಅಂದೆ. "ಖಾಲಿ ಇರ್ಲಿ."